ಒಂಬತ್ತು ದಿನ ಆರದ ಹಸಿರು ದೀಪ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಬ್ಯಾಟರಿ ಅಂಗಡಿ ನಡೆಸುತ್ತಾಳೆ. ಲಾರಿ, ಟ್ರ್ಯಾಕ್ಟರ್, ಆಂಬುಲೆನ್ಸ್, ಯಾವುದು ಕೆಟ್ಟು ನಿಂತರೂ ಜನ ಮೊದಲು ಅವಳನ್ನೇ ಕೂಗುತ್ತಾರೆ. ಆಸಿಡ್ ಹಾರಿ ತೂತು ಬೀಳದ ಬಟ್ಟೆ ಅವಳ ಹತ್ತಿರ ಒಂದೂ ಇಲ್ಲ.

ಊರಾಚೆಯ ಬಂಡೆಯ ಮೇಲೆ ಭೂಕಂಪ ಅಧ್ಯಯನ ಮಾಡುವವರು ಒಂದು ಕಂಬ ನೆಟ್ಟಿದ್ದರು. ಅದರ ತುದಿಯ ತಟ್ಟೆಯಂಥ ಆಂಟೆನಾ ಉಪಗ್ರಹಗಳ ಸಂಕೇತ ಹಿಡಿಯುತ್ತಿತ್ತು. ಬಂಡೆ ಅಕ್ಕಿಕಾಳಿನಷ್ಟು ಸರಿದರೂ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ದಾಖಲಾಗುತ್ತಿತ್ತು. ಆ ಪೆಟ್ಟಿಗೆಯ ಬ್ಯಾಟರಿ ನೋಡಿಕೊಳ್ಳುವ ಕೆಲಸ ಅತ್ತೆಯದು.

ದೊಡ್ಡ ಭೂಕಂಪ ಬಂದಾಗ ಬೆಳಗಿನ ಹತ್ತು ಗಂಟೆ. ನಾವೆಲ್ಲ ಹೇಗೋ ಬಚಾವಾದೆವು. ಮನೆಯ ಹಿಂಗೋಡೆ ಕುಸಿಯಿತು, ಅಂಗಡಿಯ ಮಾಡು ಜೋತುಬಿತ್ತು, ಸೇತುವೆ ಮುರಿದು ಊರಿಗೆ ದಾರಿಯೇ ಇಲ್ಲದಂತಾಯಿತು. ಮಧ್ಯಾಹ್ನ ಕಂಬ ನೆಟ್ಟ ಕಚೇರಿಯ ವಿಜ್ಞಾನಿ ಅತ್ತೆಗೆ ಫೋನ್ ಮಾಡಿದಳು.

“ಅಕ್ಕಾ, ಎಲ್ಲರೂ ಹುಷಾರಾಗಿದ್ದೀರಾ? ಬ್ಯಾಟರಿ ಚಾರ್ಜ್ ಮಾಡೋ ಸೋಲಾರ್ ಹಲಗೆ ಒಡೆದಿರ್ಬೇಕು, ಪೆಟ್ಟಿಗೆ ನಾಳೆಗೆ ನಿಂತುಹೋಗುತ್ತೆ. ನಡುಕ ನಿಂತರೂ ನೆಲದೊಳಗಿನ ಬಿರುಕು ಮೆಲ್ಲಗೆ ಜಾರ್ತಾನೇ ಇರುತ್ತೆ. ಮೊದಲ ದಿನಗಳಲ್ಲೇ ಅದರ ಜೋರು. ಈಗಿನ ದಾಖಲೆ ತಪ್ಪಿದ್ರೆ ಮತ್ತೆ ಸಿಗಲ್ಲ. ಆದ್ರೆ ಅಪಾಯ ಅನ್ನಿಸಿದ್ರೆ ಖಂಡಿತ ಹೋಗ್ಬೇಡಿ.”

ಅಂಗಡಿಯಲ್ಲಿ ಚಾರ್ಜ್ ಆಗಿದ್ದ ಬ್ಯಾಟರಿ ಆರು. ನಾಲ್ಕನ್ನು ಅತ್ತೆ ಆಸ್ಪತ್ರೆಯ ದೀಪಗಳಿಗೆ ಕೊಟ್ಟಳು. ಐದನೆಯದನ್ನು ಕೈಗಾಡಿಗೆ ಹಾಕಿದಾಗ ಅಪ್ಪ ಸಿಡುಕಿದ.

“ಮನೆ ಬಾಯಿಬಿಟ್ಟು ಕೂತಿದೆ, ನಿನಗೆ ಆ ಡಬ್ಬಿ ಚಿಂತೆನಾ ಅಕ್ಕಾ?”

“ಗೋಡೆನ ಮುಂದಿನ ವಾರನೂ ಕಟ್ಟಬಹುದು ಕಣೋ. ಗಾಡಿ ಹಿಂದಿನಿಂದ ತಳ್ಳು.”

ಅಪ್ಪ ಗೊಣಗುತ್ತಲೇ ತಳ್ಳಿದ. ನಾನು ಸ್ಪ್ಯಾನರ್ ಹಿಡಿದು ಹಿಂದೆ ಹೋದೆ.

ಪೆಟ್ಟಿಗೆಯ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಹಳೆಯ ಬ್ಯಾಟರಿ ಬಿಚ್ಚಿದರೆ ದಾಖಲೆ ಅರೆಗಳಿಗೆಯಾದರೂ ತುಂಡಾಗುತ್ತದೆ ಎಂದು ಅತ್ತೆಗೆ ಹೊಳೆಯಿತು. ಅದಕ್ಕೇ ಮೊದಲು ಹೊಸದರ ತಂತಿಗಳನ್ನು ಜೊತೆಗೆ ಸೇರಿಸಿ, ಆಮೇಲೆ ಹಳೆಯದನ್ನು ಬಿಡಿಸತೊಡಗಿದಳು. ಅಷ್ಟರಲ್ಲಿ ಬಂಡೆ ಮತ್ತೆ ಗಡಗಡ ನಡುಗಿತು. ಅಪ್ಪ ಕೂತುಬಿಟ್ಟ. ಅತ್ತೆ ನೆಲಕ್ಕೇ ಗದರಿದಳು: “ಸ್ವಲ್ಪ ತಡಿಯಮ್ಮಾ, ಇನ್ನೊಂದು ನಟ್ಟು ಬಾಕಿ ಇದೆ!”

ಎರಡು ದಿನಕ್ಕೊಮ್ಮೆ ಹೀಗೇ ಹೋಗಿಬಂದೆವು. ಖಾಲಿಯಾದದ್ದನ್ನು ಟ್ರ್ಯಾಕ್ಟರಿನ ಎಂಜಿನ್ ಓಡಿಸಿ ಚಾರ್ಜ್ ಮಾಡುತ್ತಿದ್ದಳು. ಎರಡನೆಯ ಸಲ ಅಪ್ಪನೇ ಗಾಡಿ ತೆಗೆದು ನಿಂತಿದ್ದ.

ಒಂಬತ್ತನೆಯ ದಿನ ವಿಜ್ಞಾನಿ ದೋಣಿಯಲ್ಲಿ ಹೊಳೆ ದಾಟಿ ಬಂದಳು. ಪೆಟ್ಟಿಗೆಯ ದಾಖಲೆಯನ್ನು ಲ್ಯಾಪ್‌ಟಾಪಿಗಿಳಿಸಿ, ಪರದೆಯ ಮೇಲೆ ಬಾಗುತ್ತಾ ಏರಿದ ಒಂದು ಗೆರೆ ತೋರಿಸಿದಳು.

“ನೋಡಿ ಅಕ್ಕಾ, ಭೂಕಂಪ ಆದ್ಮೇಲೂ ಈ ಬಂಡೆ ನಾಲ್ಕು ಬೆರಳಷ್ಟು ಸರಿದಿದೆ. ಅರ್ಧಕ್ಕಿಂತ ಹೆಚ್ಚು ಮೊದಲ ಮೂರೇ ದಿನದಲ್ಲಿ.”

“ನಾವು ಬಯಲಲ್ಲಿ ಗಂಜಿ ಕುಡೀತಿದ್ದಾಗ ಊರು ಊರೇ ನಡೀತಿತ್ತಾ? ನಮಗೆ ಗೊತ್ತೇ ಆಗ್ಲಿಲ್ವಲ್ಲ!”

“ನಿಮ್ಮ ಬ್ಯಾಟರಿಗೆ ಗೊತ್ತಾಯ್ತು. ಬಿರುಕಿನುದ್ದಕ್ಕೂ ಹನ್ನೊಂದು ಕಂಬ ಇವೆ. ಒಂದು ಗಳಿಗೆಯೂ ತಪ್ಪದ ದಾಖಲೆ ಇದೊಂದೇ.”

ಅತ್ತೆ ಸೆರಗಿನಿಂದ ಪರದೆಯ ಧೂಳು ಒರೆಸಿ, ಗೆರೆಯನ್ನು ಇನ್ನೊಮ್ಮೆ ನೋಡಿದಳು. ಅಪ್ಪನಂತೂ ಅಲ್ಲಿದ್ದವರಿಗೆಲ್ಲ, “ನಮ್ಮಕ್ಕ!” ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಮರುವರ್ಷ ಕಚೇರಿಯವರು ಎಲ್ಲ ಪೆಟ್ಟಿಗೆಗಳಿಗೂ ಎರಡೆರಡು ಬ್ಯಾಟರಿ ಕೂರಿಸಿದರು. ತಂತಿ ಸೇರಿಸುವ ಕ್ರಮವನ್ನು ಎಂಜಿನಿಯರುಗಳಿಗೆ ಕಲಿಸಿದ್ದು ಅತ್ತೆ. ಒಬ್ಬ ತಂತಿ ಅದಲುಬದಲು ಮಾಡಿದಾಗ ಅವಳು ಅವನ ಕೈಗೆ ಪಟ್ಟನೆ ಹೊಡೆದಳಂತೆ. ಅವನು, “ಸಾರಿ ಮೇಡಂ” ಅಂದನಂತೆ.