ಚಿಗವ್ವ ನೋಡಿದ ಹಿಪ್‌ಹಾಪ್ ಸಿನೆಮಾಗಳು

ನಮ್ಮ ಮನೆಯಲ್ಲಿ ಹಿಪ್‌ಹಾಪ್ ಸಿನೆಮಾಗಳ ಹುಚ್ಚಿದ್ದವರು ಇಬ್ಬರು. ಒಬ್ಬಳು ಕಾಲೇಜಿಗೆ ಹೋಗುತ್ತಿದ್ದ ನಾನು. ಇನ್ನೊಬ್ಬಳು ನಲವತ್ತು ದಾಟಿದ ನನ್ನ ಚಿಗವ್ವ, ಅಂದರೆ ತೀರಿಹೋದ ಕಾಕಾನ ಹೆಂಡತಿ. ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೇನು.

ಹುಬ್ಬಳ್ಳಿ ಬದಿಯ ಬೈರಿದೇವರಕೊಪ್ಪದ ಮನೆಗೆ ಆಗಷ್ಟೇ ಸಿಡಿ ಪ್ಲೇಯರ್ ಬಂದಿತ್ತು. ಸ್ವಾಮಿಗಳ ಪ್ರವಚನ ನೋಡಲೆಂದು ಅಪ್ಪ ತಂದದ್ದು. ಮಧ್ಯಾಹ್ನ ಊಟವಾಗಿ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಒಳಗೆ ಅಡ್ಡಾದಳೆಂದರೆ ಪ್ರವಚನ ಹೊರಗೆ, ನಮ್ಮ ಸಿನೆಮಾ ಒಳಗೆ. ಬಾಡಿಗೆಗೆ ಸಿಡಿ ಕೊಡುವವನು ಮೊದಲ ದಿನವೇ ಬುದ್ಧಿ ಹೇಳಿದ್ದ.

"ಇವು ಹೆಣ್ಮಕ್ಕಳು ನೋಡೂವು ಅಲ್ಲವಾ."

"ಹೌದೇನ್ರಿ? ಹಂಗಾದ್ರ ಎರಡು ಕೊಡ್ರಿ," ಅಂದೆ.

ನನ್ನದು ಕನ್ನಡ ಮಾಧ್ಯಮ, ಚಿಗವ್ವ ಓದಿದ್ದು ಏಳನೆಯ ಇಯತ್ತೆವರೆಗೆ. ಆ ಇಂಗ್ಲಿಷಿನಲ್ಲಿ ಹತ್ತಕ್ಕೆ ಒಂದು ಮಾತು ತಿಳಿದರೆ ಹೆಚ್ಚು. ಆದರೂ ಮೊದಲ ಸಿನೆಮಾ ನನಗೆ ಇಂದಿಗೂ ಅಚ್ಚುಮೆಚ್ಚು. ಬಸ್ಸು ತೊಳೆಯುವ ಒಬ್ಬ ಹುಡುಗಿ, ಗ್ಯಾರೇಜಿನಲ್ಲಿ ಸುತ್ತುಗಟ್ಟಿ ನಿಂತ ಗಂಡು ಹುಡುಗರ ನಡುವೆ ಹೋಗಿ ನಿಲ್ಲುತ್ತಾಳೆ. ಒಬ್ಬ ಪ್ರಾಸ ಕಟ್ಟಿ ಚುಚ್ಚಬೇಕು, ಎದುರಿನವರು ಪ್ರಾಸದಲ್ಲೇ ತಿರುಗಿ ಕೊಡಬೇಕು, ತೊದಲಿದವರು ಸೋತಂತೆ. ಅಕ್ಕಿ ಆರಿಸುತ್ತಿದ್ದ ಚಿಗವ್ವ ಮೊರ ಕೆಳಗಿಟ್ಟಳು.

"ಏ, ಇವರು ಒಡಪು ಹೇಳಾಕತ್ತಾರಲ್ಲ!"

ನಮ್ಮ ಕಡೆ ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವುದೇ ಒಡಪು. ಚಿಗವ್ವನ ತವರು ಉಪ್ಪಿನಬೆಟಗೇರಿಯಲ್ಲಿ ಅವಳ ಒಡಪು ಕೇಳಲು ಹೆಂಗಸರು ಊಟದ ಪಂಕ್ತಿಯಿಂದ ಎದ್ದು ಬರುತ್ತಿದ್ದರಂತೆ. ಕಾಕಾ ಹೋದ ಮೇಲೆ ಅದು ನಿಂತಿತು. ಹೇಳಬೇಡ ಎಂದು ಯಾರೂ ಅನ್ನಲಿಲ್ಲ. ಹೇಳು ಅನ್ನುವವರೇ ಇಲ್ಲವಾದರು. ಬೆಳಗಾದರೆ ವಚನ ಹಾಡುವ ಮನೆ ನಮ್ಮದು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಿನೆಮಾದ ಹಾಡುಗಳ ಕ್ಯಾಸೆಟ್ ಹುಬ್ಬಳ್ಳಿಯಲ್ಲಿ ಎಲ್ಲೂ ಸಿಗಲಿಲ್ಲ. ಟಿವಿಯ ಮುಂದೆ ಟೇಪ್ ರೆಕಾರ್ಡರ್ ಹಿಡಿದು ನಾವೇ ತುಂಬಿಕೊಂಡೆವು. ಹೀಗಾಗಿ ನಮ್ಮ ಕ್ಯಾಸೆಟ್ಟಿನಲ್ಲಿ ಡ್ರಮ್ಮಿನ ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತದೆ, ಗ್ಯಾರೇಜಿನ ಹುಡುಗಿ ಗೆಲ್ಲುವ ಹೊತ್ತಿಗೆ ಸರಿಯಾಗಿ ನಿದ್ದೆಯಿಂದೆದ್ದ ದೊಡ್ಡವ್ವ "ಹಾಲು ಉಕ್ಕಾಕತ್ತೇತಿ, ಯಾರ ಅದೀರಿ ಒಳಗ?" ಅನ್ನುತ್ತಾಳೆ. ಮುಂದೆ ಅದೇ ಹಾಡನ್ನು ಸ್ವಚ್ಛವಾಗಿ ಕೇಳಿದಾಗ ಸಪ್ಪೆ ಅನ್ನಿಸಿತು.

ಇನ್ನೊಂದು ಸಿನೆಮಾದಲ್ಲಿ ಹುಡುಗರು ಹಳೆಯ ಗ್ರಾಮೊಫೋನ್ ತಟ್ಟೆಯನ್ನು ಬೆರಳಿನಿಂದ ಹಿಂದೆ ಮುಂದೆ ಎಳೆದು ತಾಳ ಹುಟ್ಟಿಸುತ್ತಿದ್ದರು. "ಚೊಲೋ ರೆಕಾರ್ಡ್ ಹಾಳ ಮಾಡತಾವ, ಮುಂಡೇವು," ಎಂದು ಬೈಯುತ್ತಲೇ ಚಿಗವ್ವ ಮೊರದ ಬೆನ್ನಿನ ಮೇಲೆ ಅದೇ ತಾಳ ಬಡಿಯುತ್ತಿದ್ದಳು. ತಾಳ ಮಾತ್ರ, ಮಾತಿಲ್ಲ. ಒಂದು ಒಡಪು ಹೇಳೆಂದು ನಾನು ಬೆನ್ನು ಹತ್ತಿದರೆ ಮುಖ ತಿರುಗಿಸುತ್ತಿದ್ದಳು.

"ಬ್ಯಾಡ ಬಿಡವಾ. ನಾಕ ಮಂದಿ ನಡುವ ನಿಂತು ಹೇಳೂದು ಅದು. ಮೂಲ್ಯಾಗ ಕುಂತು ಹೇಳೂದಲ್ಲ."

ಆ ನಾಲ್ಕು ಮಂದಿಯ ನಡುವೆ ಅವಳನ್ನು ನಿಲ್ಲಿಸಿಯೇ ತೀರಬೇಕೆಂದು ಅಂದೇ ಹಟ ತೊಟ್ಟೆ.

ಅದಕ್ಕೆ ಕೆಲವು ವರ್ಷ ಹಿಡಿಯಿತು. ನನ್ನ ಮದುವೆಯಲ್ಲಿ ಅವಳನ್ನು ಅಡುಗೆಮನೆಯಿಂದ ಹೊರಗೆ ತರಲಾಗಲಿಲ್ಲ. ನಾಚಿಕೆಗೆಟ್ಟವಳಂತೆ ಸುಮ್ಮನಿದ್ದೆ, ಅದು ನನ್ನ ತಪ್ಪು. ಮರುವರ್ಷ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಾಗ ನನ್ನ ಕುಬಸ ಮಾಡಿದರು. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ, ಸುತ್ತ ಓಣಿಯ ಹೆಂಗಸರೆಲ್ಲ. ಉಡಿ ತುಂಬುವ ಸಾಲಿನಲ್ಲಿ ಚಿಗವ್ವ ಇರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಅವಳ ಸೆರಗು ಕಾಣುತ್ತಿತ್ತು.

"ಒಡಪು ಹೇಳವಾ," ಅಂದಳು ದೊಡ್ಡವ್ವ.

"ಮೊದಲ ಚಿಗವ್ವ ಹೇಳಲಿ. ನನಗ ಅಕಿ ಒಡಪು ಕೇಳೂ ಬಯಕಿ ಆಗೇತಿ."

ಆರತಿ ಹಿಡಿದವರ ಕೈ ಅಲ್ಲೇ ನಿಂತಿತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. ನಾನು ನಂಬುವವಳಲ್ಲ. ದೊಡ್ಡವ್ವ ನಂಬುತ್ತಾಳೆ, ಅಷ್ಟು ಸಾಕಿತ್ತು.

"ಬಯಕಿ ಅಂದ್ರ ತಿನ್ನೂದು ಕೇಳಬೇಕು, ಹುಚ್ಚಿ. ಹುಣಸಿಕಾಯಿ ಕೇಳು, ಮಂಡಗಿ ಕೇಳು."

"ನನಗ ಬ್ಯಾರೆ ಏನೂ ಬ್ಯಾಡ. ಕೂಸಿನ ಕಿವಿ ಸೋರಿದ್ರ ನಿಮ್ಮ ಮ್ಯಾಲೆ."

ದೊಡ್ಡವ್ವ ನನ್ನನ್ನು ನುಂಗುವಂತೆ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಬಾರ ಇತ್ಲಾಗ," ಅಂದಳು.

ಚಿಗವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಹೆಂಗಸರ ನಡುವೆ ನಿಂತಳು. ಪಕ್ಕದ ಮೇಜನ್ನು ಎರಡು ಬೆರಳಿನಿಂದ ಬಡಿದು ತಾಳ ಹಿಡಿದಳು. ದನಿ ಎತ್ತಿದಳು.

"ಹಸಿರು ಬಳಿ ಒಡದೀರಿ, ಹಣಿ ಖಾಲಿ ಮಾಡೀರಿ,
ಮೂಲ್ಯಾಗ ಕುಂದ್ರಿಸಿ ಮುಸುರಿ ತಿಕ್ಕಿಸೀರಿ,
ಬಾಯಿಗೆ ಬೀಗ ಹಾಕೂದೊಂದು ಮರತೀರಿ,
ನನ್ನ ರಾಯರ ಹೆಸರು ಹೇಳತೇನಿ, ಎಲ್ಲಾರೂ ಕೇಳ್ರಿ!"

ಹೇಳಿಯೇಬಿಟ್ಟಳು, ಕಾಕಾನ ಹೆಸರನ್ನು, ಪಡಸಾಲೆ ತುಂಬುವಂತೆ. ನನಗೆ ಅಳು ಬಂತು, ತಡೆಯಲಿಲ್ಲ.

"ಶುಭಕಾರ್ಯದಾಗ ಸತ್ತವರ ಹೆಸರು ಯಾಕ ತಗದಿ?" ದೊಡ್ಡವ್ವ ಸಿಡುಕಿದಳು.

"ಸತ್ತವರು ಅವರ್ರಿ ಅಕ್ಕಾರ. ಹೆಸರಲ್ಲ."

ನೆರೆಮನೆಯವರೊಬ್ಬರು ಮಾತು ಹಾರಿಸಲು, "ಈಗ ನಿಂದು ಹೇಳವಾ," ಎಂದು ನನ್ನ ಭುಜ ಮುಟ್ಟಿದರು. ನಾನು ಒಲ್ಲೆನೆಂದು ತಲೆ ಅಲ್ಲಾಡಿಸಿದೆ. ಚಿಗವ್ವನ ಬೆರಳು ಇನ್ನೂ ಮೇಜು ಬಡಿಯುತ್ತಿತ್ತು. ಅವಳ ಒಡಪು ಇನ್ನೂ ಮುಗಿದಿರಲಿಲ್ಲ.