ಬಿಳಿ ಬಟ್ಟೆಯ ಮೇಲಿನ ನೀಲಿ

ಇಸ್ತ್ರಿಯಕ್ಕ ಒಗೆದ ಬಿಳಿ ಬಟ್ಟೆ ಎಂದರೆ ಹಾಲಿನ ಕೆನೆ. ಲಂಗ ತೊಡುವ ವಯಸ್ಸಿನಲ್ಲೇ ತಾಯಿಯ ಜೊತೆ ತೊಟ್ಟಿಗೆ ಕೈ ಹಾಕಿದವಳು. ಕೊನೆಯ ಸಲ ಜಾಲಿಸುವ ನೀರಿಗೆ ನೀಲಿ ಬಿಡುವಾಗ ಈಗಲೂ ಉಸಿರು ಬಿಗಿಹಿಡಿಯುತ್ತಿದ್ದಳು. ಒಂದು ಹನಿ ಹೆಚ್ಚಾದರೆ ಬಟ್ಟೆಗೆ ಮಚ್ಚೆ, ಹೆಸರಿಗೆ ಮಸಿ ಎನ್ನುವುದು ಅವಳ ಮಾತು.

ಒಂದು ರಜೆಯ ದಿನ ಅವಳ ಗೆಳತಿಯರೆಲ್ಲ ಅವಳೇ ಒಗೆದುಕೊಟ್ಟ ಬಿಳಿ ಉಡುಪು ತೊಟ್ಟು ಅವಳ ಮನೆಯ ಹಿತ್ತಿಲ ತೋಟದ ಮರದಡಿ ಸೇರಿದರು. ಹೊಟ್ಟೆ ಹುಣ್ಣಾಗುವಷ್ಟು ನಗು. ಮಹಡಿಯ ಮೇಲೆ ಬಾಡಿಗೆಗಿದ್ದ ಚಿತ್ರಗಾರ, ಎಲ್ಲರ ಬಾಯಲ್ಲಿ ಬಣ್ಣದಣ್ಣ, ಬಿಸಿಲು ಜಾರುವುದರೊಳಗೆ ಆ ನೋಟವನ್ನು ಹಿಡಿಯಬೇಕೆಂದು ಪಟಪಟನೆ ಕುಂಚ ಆಡಿಸಿದ.

ಚಿತ್ರ ನೋಡಿದ ಇಸ್ತ್ರಿಯಕ್ಕನ ಎದೆ ಧಸಕ್ಕೆಂದಿತು. ಎಲ್ಲರ ಬಟ್ಟೆಯ ಮೇಲೂ ನೀಲಿ ಮಚ್ಚೆ.

"ಅತ್ತಿಗೆ, ನೀಲಿ ಡಬ್ಬಾನೇ ಮಗುಚಿದ್ರಾ?" ಎಂದಳು ನಾದಿನಿ.

ಭಾನುವಾರ ಚಿತ್ರ ಪುರಭವನದ ಪ್ರದರ್ಶನಕ್ಕೆ ಹೋಗಲಿತ್ತು. ವಸತಿಗೃಹದ ಮ್ಯಾನೇಜರು ಅಲ್ಲಿಗೆ ಬರುವವರೇ. ಅವರು ಒಗೆಯಲು ಕೊಡುವ ಹಾಸಿಗೆ ಬಟ್ಟೆಗಳ ಗಂಟು ಕೈತಪ್ಪಿದರೆ ಒಲೆಯಲ್ಲಿ ಬೆಕ್ಕು ಮಲಗಬೇಕು. ಇಸ್ತ್ರಿಯಕ್ಕ ಒದ್ದೆ ಬಟ್ಟೆ ಹಿಡಿದೇ ಮಹಡಿ ಹತ್ತಿದಳು. ಮಚ್ಚೆಗಳನ್ನು ತಾನೇ ಒರೆಸುತ್ತೇನೆಂದು ಹಟ.

ಬಣ್ಣದಣ್ಣ ಅವಳನ್ನು ಹಿತ್ತಿಲಿಗೆ ಕರೆದೊಯ್ದ. ಆಗತಾನೇ ಒಣಗಿದ ಹೊದಿಕೆಯೊಂದನ್ನು ತಂದು ಅದೇ ಮರದಡಿ ಹರಡಿದ.

"ಅಕ್ಕಾ, ಇದು ಯಾವ ಬಣ್ಣ?"

"ಬಿಳಿ. ಒಗೆದೋಳು ನಾನು."

"ಒಗೆದಿದ್ದು ಬಿಡಿ. ನೋಡಿ ಹೇಳಿ."

ಅವಳು ಬಗ್ಗಿದಳು. ಎಲೆಗಳ ನೆರಳು ಬಿದ್ದಲ್ಲೆಲ್ಲ ತಿಳಿನೀಲಿ. ಗಾಳಿ ಬೀಸಿದರೆ ಅದೂ ಓಡಾಡುತ್ತಿತ್ತು. ಹೆಬ್ಬೆರಳಿನಿಂದ ಉಜ್ಜಿದಳು, ನೆರಳು ಹೆಬ್ಬೆರಳನ್ನೇ ಹತ್ತಿತು. ಜನ್ಮವೆಲ್ಲ ಬಟ್ಟೆ ನೋಡುತ್ತಲೇ ಇದ್ದವಳು ಇದನ್ನು ಕಂಡಿರಲಿಲ್ಲವಲ್ಲ ಎಂದು ಅವಳ ಮೈ ಜುಮ್ಮೆಂದಿತು. ಒರೆಸುವ ಬಟ್ಟೆ ಕೈಯಿಂದ ಯಾವಾಗ ಬಿತ್ತೋ, ಗೊತ್ತಾಗಲಿಲ್ಲ.

ಭಾನುವಾರ ಮ್ಯಾನೇಜರು ಚಿತ್ರದ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. "ಏನಮ್ಮಾ, ನೀಲಿ ಸ್ವಲ್ಪ ಹೆಚ್ಚಾಯ್ತೇನೋ?"

ಸುತ್ತಲಿನವರು ತಿರುಗಿ ನೋಡಿದರು. ನಾದಿನಿಯ ಮುಖ ಬಾಡಿತು. ಇಸ್ತ್ರಿಯಕ್ಕ ಮಾತ್ರ ಹಿಂದೆಮುಂದೆ ನೋಡದೆ ಮ್ಯಾನೇಜರ ತೋಳು ಹಿಡಿದು, ದರದರನೆ ಹೊರಗಿನ ಮರದ ಕೆಳಗೆ ಎಳೆದೊಯ್ದಳು.

"ನಿಮ್ಮ ಬಿಳಿ ಅಂಗಿ ನೋಡ್ಕೊಳ್ಳಿ ಸಾರ್. ಇದನ್ನೂ ನಾನೇ ಒಗೆದಿದ್ದು."

ಅವರು ನೋಡಿಕೊಂಡರು. ಹೆಗಲ ಮೇಲಿನ ನೀಲಿಯನ್ನು ಕೊಡವಿದರು, ಮತ್ತೆ ಕೊಡವಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕು, ಒಳಗಿದ್ದವರನ್ನೂ ಒಬ್ಬೊಬ್ಬರಾಗಿ ಕರೆತಂದು ಮರದಡಿ ನಿಲ್ಲಿಸಿದರು.

ಮರುದಿನ ಗಂಟು ಎಂದಿನಂತೆ ಬಂತು, ಜೊತೆಗೆ ಕಿಟಕಿಯ ಪರದೆಗಳೂ. ಕೆಲಸ ಮಾತ್ರ ಸಾಗಲಿಲ್ಲ. ಒಣಹಾಕಲು ಹೋದ ಅತ್ತಿಗೆ ಮರದ ಕೆಳಗೇ ನಿಂತುಬಿಟ್ಟಿದ್ದಾಳೆಂದು ನಾದಿನಿ ಒಳಗಿನಿಂದ ಕೂಗಿ ಕೂಗಿ ಸುಸ್ತಾದಳು.