ಶಂಶಾಬಾದಿನವರೆಗೆ ಬಿಷಪ್ಪರ ಜೊತೆ

ಬೀದರಿನಿಂದ ಬೆಳಗಿನ ಆರು ಗಂಟೆಯ ಬಸ್ ಹತ್ತಿದೆ. ಜಹೀರಾಬಾದಿನಲ್ಲಿ ಚಹಾ ಕುಡಿದು, ಸುಮಾರು ನೂರ ನಲವತ್ತು ಕಿಲೋಮೀಟರ್ ಕಳೆದು ಹೈದರಾಬಾದಿನ ಅಬಿಡ್ಸ್ ಮುಟ್ಟಿದಾಗ ಬಿಸಿಲು ನೆತ್ತಿಗೇರುತ್ತಿತ್ತು. ಅಂಚೆ ಕಚೇರಿಯ ಹಿಂದಿನ ಓಣಿಯ ಒಂಟಿ ಕೋಣೆಯಲ್ಲಿ ಬಿಷಪ್ಪರು ಬೂಟು ಹಾಕಿಕೊಂಡು ಕಾಯುತ್ತಿದ್ದರು.

ಅವರು ಹಳ್ಳಿ ಶಾಲೆಯ ಮಾಸ್ತರರಾಗಿದ್ದವರು. ಆಮೇಲೆ ಆಂಗ್ಲಿಕನ್ ಸಭೆಯ ಪಾದ್ರಿಯಾದರು, ಬಿಷಪ್ಪರಾದರು, ಏಳು ಪುಸ್ತಕ ಬರೆದರು. ಏಳನೆಯದರಲ್ಲಿ ಸುಗುಣಮ್ಮನ ಕಥೆ ಇತ್ತು. ಮದುವೆಗೆ ಮೊದಲು ಹೆತ್ತ ಕೂಸನ್ನು ಚರ್ಚಿನ ಬಾಗಿಲಲ್ಲಿ ಬಿಟ್ಟುಬಂದದ್ದನ್ನು ಆಕೆ ಇವರೊಬ್ಬರಿಗೇ ಹೇಳಿಕೊಂಡಿದ್ದಳು. ಪಶ್ಚಾತ್ತಾಪಕ್ಕೆ ಉದಾಹರಣೆಯಾಗಿ, ಹೆಸರು ಬದಲಿಸಿ ಬರೆದರು. ಅವಳ ಊರೂ ಮುಂಗೈಯ ಸುಟ್ಟ ಕಲೆಯೂ ಹಾಗೇ ಉಳಿದವು. ಗುರುತು ಹಿಡಿದ ಗಂಡ ಅವಳನ್ನು ಹೊರಹಾಕಿದ. ಸುದ್ದಿ ತಿಳಿದ ವಾರವೇ ಬಿಷಪ್ಪರು ಪದವಿ ಬಿಟ್ಟು, ಅವಳು ದುಡಿಯಲು ಬಂದಿದ್ದ ಹೈದರಾಬಾದಿಗೆ ಬಂದರು. ಮೂರು ವರ್ಷ ಹುಡುಕಿದ ಮೇಲೆ, ಅವಳು ವಿಮಾನ ನಿಲ್ದಾಣದ ಹತ್ತಿರದ ಶಂಶಾಬಾದಿನಲ್ಲಿದ್ದಾಳೆಂದು, ಅಲ್ಲಿ ಗೋಡೆ ಕಟ್ಟುವ ನಮ್ಮ ಕಡೆಯ ಗೌಂಡಿಯೊಬ್ಬ ಹೇಳಿದ. ಒಬ್ಬರೇ ಹೋಗುವ ಧೈರ್ಯವಾಗದೆ ನನ್ನನ್ನು ಕರೆಸಿದ್ದರು.

ಸಿಟಿ ಬಸ್ಸಿನಲ್ಲಿ ಕೇಳಿದರು: “ಪುಸ್ತಕದ ಕರಡು ತಿದ್ದಿದಾವ ನೀನು. ಆ ಸುಟ್ಟ ಕಲೀ ಮಾತು ಓದಿದಾಗ ಏನೂ ಅನಿಸಲಿಲ್ಲೇನು?”

“ಅನಿಸಿತ್ರಿ. ವಾಕ್ಯ ಭಾಳ ಚಂದ ಇತ್ತು. ಹಂಗ ಬಿಟ್ಟೆ.”

ಅವರು ಕಿಟಕಿಯ ಕಡೆ ತಿರುಗಿದರು.

ಶಂಶಾಬಾದಿನಲ್ಲಿ ಇಳಿದು ಆಟೋ ಹಿಡಿದೆವು. ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಬುಡದಲ್ಲಿ ಸುಗುಣಮ್ಮ ಬುಟ್ಟಿಗೆ ಮರಳು ತುಂಬುತ್ತಿದ್ದಳು. ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಸದ್ದು ಅಡಗಿದ ಮೇಲೆ ಬಿಷಪ್ಪರು ಅವಳೆದುರು ಹೋಗಿ ನಿಂತರು.

“ತಪ್ಪಾತವ್ವಾ,” ಬಿಷಪ್ಪರು ಕೈ ಮುಗಿದರು. “ಮೂರು ವರ್ಷದಿಂದ ನಿನ್ನ ಹುಡುಕಾಕ ಹತ್ತೀನಿ. ಕ್ಷಮಾ ಮಾಡು.”

“ನನಗ ಓದಾಕ ಬರಂಗಿಲ್ರಿ ಅಯ್ಯನೋರ. ಮದುವಿ ಆದಮ್ಯಾಲೆ ಹುಟ್ಟಿದ ಮಗಳು ಓದಿದ್ಲು. ‘ನನ್ನೂ ಬಿಟ್ಟು ಬರಾಕಿ ಇದ್ದಿಯೇನವ್ವಾ?’ ಅಂದ್ಲು. ಅದ ಕಡೀ ಮಾತು. ಎಲ್ಲಿ ಹೋಗ್ಯಾಳೋ ಗೊತ್ತಿಲ್ಲ.”

ಸುಗುಣಮ್ಮ ಬುಟ್ಟಿಗೆ ಇನ್ನೊಂದು ಸಲಿಕೆ ಮರಳು ಸುರಿದಳು.

“ಇಷ್ಟ್ ವರ್ಷ ನನ್ನ ಹುಡುಕಿದ್ರಿ,” ಎಂದಳು. “ಅಕಿನ್ನ ಹುಡುಕಬೇಕಿತ್ರಿ.”

“ಅಕಿ ಹೆಸರರೆ ಹೇಳವ್ವಾ.”

“ಯಾಕ? ಮತ್ತ ಬರಿಯಾಕೇನ್ರಿ?”

ಬುಟ್ಟಿ ತಲೆಗೇರಿಸಿಕೊಂಡು ಮೆಟ್ಟಿಲು ಹತ್ತಿದಳು. ಬಿಸಿಲಲ್ಲಿ ಒಂದು ತಾಸು ನಿಂತೆವು. ಅವಳು ನಮ್ಮೆದುರೇ ಹತ್ತಾರು ಸಲ ಹತ್ತಿ ಇಳಿದಳು. ಒಮ್ಮೆಯೂ ನಮ್ಮತ್ತ ನೋಡಲಿಲ್ಲ.

ಸಂಜೆ ನಗರಕ್ಕೆ ಮರಳಿ ನಾನು ಬೀದರ್ ಬಸ್ ಹತ್ತಿದೆ. ಬಸ್ ತಿರುಗುವಾಗ ಹಿಂದೆ ನೋಡಿದೆ. ಎಪ್ಪತ್ತು ಮುಟ್ಟಿದ ಬಿಷಪ್ಪರು ನಿಲ್ದಾಣದ ಗದ್ದಲದಲ್ಲಿ, ಎದುರಾದ ಒಬ್ಬೊಬ್ಬ ತರುಣಿಯ ಮುಖವನ್ನೂ ದಿಟ್ಟಿಸುತ್ತ ನಿಂತಿದ್ದರು. ಸುಗುಣಮ್ಮನ ಮಗಳನ್ನು ಅವರು ಎಂದೂ ಕಂಡವರಲ್ಲ.